ಮೈಲೇಜು, ಗೇರು ಮತ್ತು ಮಾವನವರ ಬಲಗಡೆ

ಕಾರಿನ ಮೈಲೇಜಿನ ವಿಷಯದಲ್ಲಿ ಸತ್ಯ ಹೇಳುವ ಗಂಡಸನ್ನು ನಾನಿನ್ನೂ ಕಂಡಿಲ್ಲ. ಮಿಕ್ಕೆಲ್ಲದರಲ್ಲೂ ಜಿಪುಣರಾದವರು ಕೂಡ ತಮ್ಮ ಕಾರು ಲೀಟರಿಗೆ ಎಷ್ಟು ಕೊಡುತ್ತದೆ ಎಂದು ಹೇಳುವಾಗ ಧಾರಾಳಿಗಳಾಗಿಬಿಡುತ್ತಾರೆ. ನಾನೂ ಅವರಲ್ಲೊಬ್ಬ. ನನ್ನ ಕಾರು ನಿಜವಾಗಿ ಎಷ್ಟು ಕೊಡುತ್ತದೋ ನನಗೆ ಇವತ್ತಿಗೂ ಗೊತ್ತಿಲ್ಲ. ನನ್ನ ಷಡ್ಡಕನ ಕಾರಿಗಿಂತ ಜಾಸ್ತಿ ಕೊಡುತ್ತದೆ ಎನ್ನುವುದು ಮಾತ್ರ ಖಚಿತ. ಅದು ಪರೀಕ್ಷೆಯಾಗಿ, ಸಾಕ್ಷಿಗಳೆದುರು ತೀರ್ಮಾನವಾದ ಸಂಗತಿ.

ಷಡ್ಡಕ ಎಂದರೆ ನನ್ನ ಹೆಂಡತಿ ಶಾರದೆಯ ತಂಗಿಯ ಗಂಡ, ರಂಗನಾಥ. ಮನುಷ್ಯ ಒಳ್ಳೆಯವನೇ. ಅವನ ಮೇಲೆ ನನಗಿರುವ ದೂರು ಒಂದೇ, ಅವನು ಮಾವನವರಿಗೆ ಇಷ್ಟವಾಗುತ್ತಾನೆ. ಕೆಂಗೇರಿಯ ಮಾವನವರ ಮನೆಯಲ್ಲಿ ಹಬ್ಬದೂಟಕ್ಕೆ ಕೂತಾಗ ಅವರ ಬಲಗಡೆಯ ಎಲೆ ಹಿರಿಯಳಿಯನದು. ಒಬ್ಬಟ್ಟು ಮಾವನವರಿಗೆ ಬಿದ್ದ ಮೇಲೆ ಮೊದಲು ಬೀಳುವುದು ಆ ಎಲೆಗೆ. ಮದುವೆಯಾದಾಗಿನಿಂದ ಅಲ್ಲಿ ಕೂರುತ್ತಿದ್ದವನು ನಾನು. ರಂಗನಾಥ ಹೊಸ ಕಾರು ತಂದ ವರ್ಷ ಮಾವನವರು ಪೆಟ್ರೋಲಿನ ವಿಚಾರ ಮಾತಾಡುತ್ತಾ ಮಾತಾಡುತ್ತಾ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ನಾನು ಎಡಕ್ಕೆ ಹೋದೆ. ನನಗೆ ಒಬ್ಬಟ್ಟು ಇಳಿಯಲಿಲ್ಲ.

ಮರುವರ್ಷ ನಾನೂ ಹೊಸ ಕಾರು ತಂದೆ. ಎಲೆಗೋಸ್ಕರ ತಂದೆ ಎಂದರೆ ತಪ್ಪಾಗುತ್ತದೆ, ಆಫೀಸಿಗೂ ಬೇಕಿತ್ತು. ಅವನ ಕಾರಿನ ಗೇರು ನೆಲದಿಂದ ಎದ್ದು ನಿಂತಿತ್ತು. ನನ್ನದು ಸ್ಟಿಯರಿಂಗಿನ ಪಕ್ಕದಲ್ಲೇ ಇತ್ತು. ಇದರ ಮೇಲೆ ನಾವಿಬ್ಬರೂ ಆಡಿದ ಮಾತು ಅಷ್ಟಿಷ್ಟಲ್ಲ. ನೆಲದ ಗೇರಾದರೆ ಹಾಕಿದ್ದು ಬಿತ್ತೋ ಇಲ್ಲವೋ ಕೈಗೆ ತಿಳಿಯುತ್ತದೆ, ಪೆಟ್ರೋಲು ಉಳಿಯುತ್ತದೆ ಎಂದು ಅವನು. ಸ್ಟಿಯರಿಂಗ್ ಗೇರಾದರೆ ಮುಂದಿನ ಸೀಟಿನಲ್ಲಿ ಮೂವರು ಕೂರಬಹುದು, ಹಾಗಾಗಿ ತಲೆಗಿಷ್ಟು ಎಂದು ಹಂಚಿದರೆ ಪೆಟ್ರೋಲು ಇನ್ನೂ ಉಳಿಯುತ್ತದೆ ಎಂದು ನಾನು. ಕೊನೆಗೆ ನನ್ನ ಬ್ರಹ್ಮಾಸ್ತ್ರ ಬಿಟ್ಟೆ: "ನಿಮ್ಮ ಗಾಡೀಲಿ ಒಂದೊಂದ್ ಸಲ ಗೇರ್ ಹಾಕ್ಬೇಕಾದ್ರೂ ಅತ್ತೆಯವರ ಮಂಡಿ ಸರಿಸಿ ಅನ್ಬೇಕಲ್ಲ, ರಂಗನಾಥ್?" ಅತ್ತೆ ಅಡುಗೆಮನೆಗೆ ಎದ್ದು ಹೋದರು.

ಅಷ್ಟರಲ್ಲಿ ಮಾವನವರಿಗೇ ಕಾರು ಕೊಳ್ಳುವ ಮನಸ್ಸಾಯಿತು. ಯಾವ ಅಳಿಯನ ಥರದ ಕಾರನ್ನು ಕೊಳ್ಳುತ್ತಾರೋ ಆ ಅಳಿಯನಿಗೆ ಬಲಗಡೆಯ ಎಲೆ ಕಾಯಂ ಎನ್ನುವುದು ನಮ್ಮಿಬ್ಬರಿಗೂ ಹೇಳದೆಯೇ ಗೊತ್ತಿತ್ತು. ಮಾವನವರು ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟು ನಿವೃತ್ತರಾದವರು. ಅವರು ಹೇಳಿದ್ದಿಷ್ಟು: "ಇಬ್ರೂ ರಾಜಾಜಿನಗರದಲ್ಲಿ ಟ್ಯಾಂಕ್ ತುಂಬಿಸ್ಕೊಂಡು ಒಟ್ಟಿಗೆ ಹೊರಡಿ. ಇಲ್ಲಿ ಬಂಕಲ್ಲಿ ನನ್ನೆದುರಿಗೆ ಮತ್ತೆ ತುಂಬಿಸಿ. ಯಾವುದು ಕಮ್ಮಿ ಹಿಡಿಯುತ್ತೋ ಅಂಥದನ್ನೇ ತಗೋತೀನಿ. ನಾನು ಉತ್ತರ ನೋಡಿ ಮಾರ್ಕ್ ಹಾಕೋನು, ಕಥೆ ಕೇಳೋನಲ್ಲ."

ಯುಗಾದಿಯ ಬೆಳಿಗ್ಗೆ ಹೊರಟೆವು. ಪೆಟ್ರೋಲು ಉಳಿಸಲು ನನಗೆ ತಿಳಿದ ವಿದ್ಯೆ ಒಂದೇ: ಇಳಿಜಾರು ಸಿಕ್ಕಿದಲ್ಲಿ ಎಂಜಿನ್ ಆರಿಸಿ, ನ್ಯೂಟ್ರಲ್‌ಗೆ ಹಾಕಿ ಸುಮ್ಮನೆ ಕೂರುವುದು. ವಿಜಯನಗರದ ಇಳಿಜಾರೊಂದರಲ್ಲಿ ಹಾಗೆ ಇಳಿದಾಗ ಕಾರು ಎಷ್ಟು ನಿಶ್ಶಬ್ದವಾಗಿತ್ತೆಂದರೆ ಶಾರದೆಯ ನಿಟ್ಟುಸಿರು ಕೇಳಿಸುತ್ತಿತ್ತು. ತಗ್ಗಿಗೆ ಬಂದು ಎಂಜಿನ್ ಚಾಲೂ ಮಾಡಿ ಗೇರು ಹಾಕಿದೆ. ಬೀಳಲಿಲ್ಲ. ಹಿಡಿ ಮೇಲಕ್ಕೂ ಹೋಗದು, ಕೆಳಕ್ಕೂ ಬಾರದು. ಬಾನೆಟ್ ಎತ್ತಿ ಒಳಗೆ ನೋಡಿದೆ. ಒಳಗಿದ್ದದ್ದೆಲ್ಲ ಕಾರಿಗೆ ಸಂಬಂಧಪಟ್ಟದ್ದೇ ಎಂದು ಖಾತ್ರಿಯಾಯಿತು, ಮುಚ್ಚಿದೆ.

ರಂಗನಾಥ ತನ್ನ ಕಾರು ನಿಲ್ಲಿಸಿ, ಡಿಕ್ಕಿಯಿಂದ ದಪ್ಪನೆಯ ಹಗ್ಗ ತೆಗೆದ.

"ಹಗ್ಗ ಯಾವಾಗ್ಲೂ ಇರುತ್ತಾ?" ಎಂದೆ.

"ಇಲ್ಲ ಭಾವ. ಇವತ್ತು ನೀವು ಜೊತೇಲಿ ಬರ್ತಾ ಇದೀರಲ್ಲ, ಅದಕ್ಕೆ ಹಾಕ್ಕೊಂಡೆ."

ಹೀಗೆ ಮೈಸೂರು ರಸ್ತೆಯಲ್ಲಿ ನಮ್ಮ ಮೆರವಣಿಗೆ ಸಾಗಿತು. ನಾನು ಎಂಜಿನ್ ಆರಿಸಿ, ಸ್ಟಿಯರಿಂಗ್ ಹಿಡಿದು, ಎದುರು ಸಿಕ್ಕವರನ್ನು ನೋಡದೆ ಕೂತಿದ್ದೆ. ಬಲಗಡೆಯ ಎಲೆ ಕೈಬಿಟ್ಟಿತೆಂದೇ ಲೆಕ್ಕ ಹಾಕಿದ್ದೆ.

ಬಂಕಿನಲ್ಲಿ ಮಾವನವರು ಕೊಡೆ ಹಿಡಿದು ನಿಂತಿದ್ದರು. ರಂಗನಾಥನ ಟ್ಯಾಂಕು ಎರಡು ಕಾರು ಎಳೆದ ದಣಿವಿಗೆ ಗಟಗಟನೆ ಕುಡಿಯಿತು. ನನ್ನದು ಗುಟುಕು ಹಾಕಿ ಸಾಕೆಂದಿತು.

"ಮಾವ, ಹಗ್ಗ ನೋಡಿ ಮಾವ," ಎಂದ ರಂಗನಾಥ.

"ಹಗ್ಗ ಪೆಟ್ರೋಲ್ ಕುಡಿಯುತ್ತೇನಯ್ಯಾ?" ಎಂದರು ಮಾವನವರು. "ಕಥೆ ಬೇಡ ಅಂದಿದ್ದೆ."

ನಾನು ಬಾಯಿ ಬಿಟ್ಟು ನಿಜ ಹೇಳಬಹುದಿತ್ತು. ಆದರೆ ಹಿರಿಯರ ತೀರ್ಪಿಗೆ ಎದುರಾಡುವುದು ನಮ್ಮ ಮನೆತನದಲ್ಲಿಲ್ಲ. ಅವತ್ತು ಬಲಗಡೆಯ ಎಲೆಯಲ್ಲಿ ಕೂತು ಒಬ್ಬಟ್ಟು ತಿಂದೆ. ಅಂಥ ಒಬ್ಬಟ್ಟನ್ನು ಮತ್ತೆ ತಿಂದಿಲ್ಲ.

ಮಾವನವರು ಮಾತಿಗೆ ತಪ್ಪುವವರಲ್ಲ, ನನ್ನದೇ ಥರದ ಕಾರು ಕೊಂಡರು. ಅದರ ಗೇರೂ ಹಾಗೇ ಸಿಕ್ಕಿಕೊಳ್ಳುತ್ತದೆ. ಹಬ್ಬದ ದಿನ ದೇವಸ್ಥಾನಕ್ಕೆ ಹೊರಟಾಗ ತಪ್ಪದೆ ಸಿಕ್ಕಿಕೊಳ್ಳುತ್ತದೆ. "ನಿಮ್ಮ ಸೆಲೆಕ್ಷನ್ನು, ನೀವೇ ನೋಡಿ ಅಳಿಯಂದ್ರೇ" ಎನ್ನುತ್ತಾರೆ ಮಾವನವರು. ಬಾನೆಟ್ಟಿನೊಳಗೆ ಯಾವ ಸರಳನ್ನು ಹಿಡಿದು ಜಗ್ಗಬೇಕೆಂದು ಈಗ ಕಲಿತಿದ್ದೇನೆ. ಜಗ್ಗಿ ಬಿಡಿಸಿ, ಬಚ್ಚಲಲ್ಲಿ ಸೀಗೆಪುಡಿ ಹಾಕಿ ಮೊಣಕೈವರೆಗೆ ಗ್ರೀಸು ತಿಕ್ಕುವಷ್ಟರಲ್ಲಿ ಒಳಗೆ ಎಲೆ ಹಾಕಿರುತ್ತಾರೆ.

"ನಿಧಾನವಾಗಿ ತೊಳ್ಕೊಳ್ಳಿ, ಅವಸರ ಏನಿಲ್ಲ," ಎಂದು ಊಟದ ಮನೆಯಿಂದ ಮಾವನವರು ಕೂಗಿ ಹೇಳುತ್ತಾರೆ. "ನಿಮ್ಮ ಎಲೇಲಿ ರಂಗನಾಥನ್ನ ಕೂರಿಸಿದೀನಿ."