ಮಾವನ ಉಗಿ ಟ್ರಾಲಿ

ನಮ್ಮ ಸೋದರಮಾವ ನೆಲದ ಮೇಲೆ ನಡೆಯುವುದಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಗಟಾರದ ಅಂಚು, ಗದ್ದೆಯ ಬದು, ದಂಡೆಗೆ ಎಳೆದಿಟ್ಟ ದೋಣಿಯ ಅಂಚು, ಎಲ್ಲಿ ನಾಲ್ಕು ಬೆರಳು ಅಗಲ ಸಿಕ್ಕರೂ ಅಲ್ಲೇ ಅವರ ಓಡಾಟ! ನನ್ನ ಮದುವೆಯಲ್ಲಿ ಅಕ್ಷತೆ ಹಾಕಲು ವೇದಿಕೆಯ ಅಂಚಿನ ಮೇಲೇ ಬಂದರು. ಪುರೋಹಿತರು ಮಂತ್ರ ನಿಲ್ಲಿಸಿ, ಇವರು ಇಳಿದ ಮೇಲೆ ಮುಂದುವರಿಸಿದರು.

ತಪ್ಪು ಅವರದಲ್ಲ, ಕೆಲಸದ್ದು. ಮಾವ ರೈಲ್ವೆಯಲ್ಲಿ ಟ್ರಾಲಿಮ್ಯಾನ್ ಆಗಿದ್ದವರು. ಹಳಿ ನೋಡಲು ಬರುವ ಸಾಹೇಬರು ನಾಲ್ಕು ಚಕ್ರದ ಟ್ರಾಲಿಯಲ್ಲಿ ಕೊಡೆಯ ಕೆಳಗೆ ಕೂರುವುದು, ಮಾವ ಹಳಿಯ ಮೇಲೆ ಓಡುತ್ತ ಹಿಂದಿನಿಂದ ತಳ್ಳುವುದು. ಹಾರವಾಡದಿಂದ ಕಾರವಾರದ ತನಕ ಹೀಗೆ ಎಷ್ಟು ಸಲ ಓಡಿದರೋ ಲೆಕ್ಕವಿಲ್ಲ. ಕೂತದ್ದು ಮಾತ್ರ ಒಂದು ಸಲವೂ ಇಲ್ಲ.

ಒಮ್ಮೆ ಒಬ್ಬ ಸಾಹೇಬರು ಹಳೆಯ ಫೋಟೊ ತೋರಿಸಿದ್ದರಂತೆ. ಹಳಿ ತಪಾಸಣೆಯ ಪುಟ್ಟ ಗಾಡಿ, ನಡುವೆ ಹಂಡೆಯಷ್ಟು ಬಾಯ್ಲರು, ಉಗಿಯಿಂದಲೇ ಓಡುವಂಥದ್ದು.

"ತಳ್ಳೂರೇ ಇಲ್ಲ ನೋಡು ತಮಾ," ಎಂದು ಮಾವ ನನಗೆ ಹೇಳಿದ್ದರು. "ಅಂತಾದ್ರ ಮೇಲೆ ಒಂದ್ ಸಲ ಕೂತ್ಕಂಡು ಹೋಗ್ಬೇಕು. ಯಾರೂ ತಳ್ಳೂದೇ ಬೇಡ."

ನಿವೃತ್ತಿಯಾದ ಮರುವಾರವೇ ಅಂಥದೊಂದು ಟ್ರಾಲಿ ಕಟ್ಟುವ ಕೆಲಸ ಶುರು! ಮದುವೆ ಅಡುಗೆಯ ದೊಡ್ಡ ಕುಕ್ಕರು ಬಾಯ್ಲರಾಯಿತು. ಗುಜರಿಯ ಕಬ್ಬಿಣದ ಪಟ್ಟಿಗಳು ಹಳಿಯಾಗಿ ಅಂಗಳದಿಂದ ಕಡಲ ದಂಡೆಯವರೆಗೆ ಮಲಗಿದವು. ಅತ್ತೆ ಒಣಗಿಸಿಟ್ಟ ಕರಟವೆಲ್ಲ ಮಾವನ ಒಲೆಗೆ. ಪ್ರತಿ ಪ್ರಯೋಗಕ್ಕೂ ಕುಕ್ಕರು ಕೂಗಬೇಕಲ್ಲ? ಮೊದಲ ದಿನ ನೆರೆಮನೆಯವರು ಊಟದ ಕರೆ ಬಂದೇ ಬರುತ್ತದೆಂದು ಒಲೆಯನ್ನೇ ಹಚ್ಚಲಿಲ್ಲ!

ಇದರ ಮೇಲೆ ರೈಲ್ವೆ ನಿಯಮ ಬೇರೆ. ಪ್ರಯೋಗವಿದ್ದ ದಿನ ಅಂಗಳದಲ್ಲಿ ಕೆಂಪು ಬಾವುಟ. ಒಂದು ದಿನ ಮೀನು ಮಾರುವ ಹೆಂಗಸು ಬುಟ್ಟಿ ಹೊತ್ತು ಬೇಲಿಯಾಚೆ ನಿಂತೇ ಇದ್ದಳು.

"ಈಗ ಹಳಿ ದಾಟೂಕಿಲ್ಲ," ಎಂದರು ಮಾವ.

"ನಾ ನಿಂತೆ. ಬಂಗಡೆಗೂ ನಿಮ್ಮ ಬಾವುಟ ತೋರ್ಸಿ, ಹಾಳಾಗ್ದೆ ನಿಲ್ತದಾ ನೋಡ್ವ," ಎಂದಳು ಆಕೆ.

ಅತ್ತೆ ಬಿಡುತ್ತಾರೆಯೇ? "ಈ ಗಾಡಿ ಓಡಿದ ದಿನ ನಾನು ಕಡಲ ಮೇಲೆ ನಡ್ಕಂಡು ಗೋವಾಕ್ಕೆ ಹೋಗ್ತೆ," ಎಂದುಬಿಟ್ಟರು.

ಕಳೆದ ಭಾನುವಾರ ಮಾವ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಟ್ರಾಲಿ ಹತ್ತಿದರು. ಕೂತು ಅಭ್ಯಾಸವಿಲ್ಲ ನೋಡಿ, ಕೈ ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಆಮೇಲೆ ವಾಲ್ವ್ ತಿರುಗಿಸಿದರು. ಕುಕ್ಕರು ಬುಸುಗುಟ್ಟಿತು, ಚಕ್ರ ಅಲುಗಿತು, ಗಾಡಿ ಹೊರಟೇಬಿಟ್ಟಿತು! ನಾವೆಲ್ಲ ಜೊತೆಗೇ ಓಡಿದೆವು. ಅರ್ಧ ದಾರಿಗೆ ಗ್ಯಾಸ್ಕೆಟ್ ಒಡೆದು ಉಗಿಯೆಲ್ಲ ಆಕಾಶಕ್ಕೆ ಹೋಯಿತು. ಗಾಡಿ ನಿಂತಿತು.

ಮಾವನ ಮುಖ ನೋಡಲಾಗಲಿಲ್ಲ. ಅವರ ಒಂದು ಕಾಲು ತಾನಾಗಿಯೇ ಕೆಳಗಿಳಿಯಿತು, ತಳ್ಳಲಿಕ್ಕೆ.

"ಇಳೀಬೇಡಿ. ಕೂತ್ಕಣಿ," ಎಂದರು ಅತ್ತೆ. ಸೆರಗು ಸಿಕ್ಕಿಸಿಕೊಂಡು ಹಿಂದಿನಿಂದ ಕೈ ಕೊಟ್ಟರು.

"ಬೇಡ ಮಾರಾಯ್ತಿ, ನಿನ್ನ ಮೊಣಕಾಲು..."

"ಇಷ್ಟ್ ವರ್ಷ ಓಡಿದ್ದು ಸಾಕು. ನೀವು ಸುಮ್ನೆ ಕಡಲು ನೋಡಿ."

ನಾನೂ ಕೈ ಸೇರಿಸಿದೆ. ದಂಡೆ ಮುಟ್ಟಿದಾಗ ಅತ್ತೆಗೆ ಏದುಸಿರು. "ಸಾಹೇಬ್ರೇ, ಊರು ಬಂತು," ಎಂದರು.

ಮಾವ ಇಳಿಯಲಿಲ್ಲ. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದರು.