ಮಹಾಗಣಕಕ್ಕೆ ಬಾರದ ಓವಿ

ನನ್ನ ಬಾಯಿಗೆ ಹಾಕುವ ಬೀಗವನ್ನು ಯಾರಾದರೂ ಕಂಡುಹಿಡಿದಿದ್ದರೆ ನನಗೆ ಈ ಗತಿ ಬರುತ್ತಿರಲಿಲ್ಲ.

ನಾನು ಪುಣೆಯ ಒಂದು ಸಂಸ್ಥೆಯಲ್ಲಿ ಸೂಪರ್ ಕಂಪ್ಯೂಟರಿನ ಸೇವಕ. (ಅದಕ್ಕೆ ಸೆಕೆಯಾಗದಂತೆ ಏಸಿ ನೋಡಿಕೊಳ್ಳುವುದು ನನ್ನ ಕೆಲಸ. ನೆರೆಹೊರೆಯವರಿಗೆ ಇಷ್ಟು ವಿವರ ಕೊಟ್ಟಿಲ್ಲ.) ಮನೆಯಲ್ಲಿದ್ದದ್ದು ಹೆಂಡತಿ ವೃಂದಾಳ ಹನ್ನೊಂದು ವರ್ಷದ ಕಂಪ್ಯೂಟರು. ಗುಂಡಿ ಒತ್ತಿದರೆ ಚಹಾ ಕುದಿಸಿ ಸೋಸುವ ಹೊತ್ತಿಗೆ ಕಣ್ಣು ಬಿಡುತ್ತಿತ್ತು.

“ಇದು ಸಾವಿರ ವರ್ಷ ಒದ್ದಾಡೋ ಲೆಕ್ಕಾನ ನಮ್ಮ ಮಹಾಗಣಕ ಕ್ಷಣದಲ್ಲಿ ಮುಗಿಸುತ್ತೆ,” ಎಂದೆ.

“ಅಹೋ, ಮಹಾಗಣಪತಿ ಆದ್ರೆ ಮೋದಕ ತಿಂದು ಸುಮ್ನಿರ್ತಾನೆ. ನಿಮ್ಮ ಮಹಾಗಣಕಕ್ಕೆ ಇಡೀ ಪೇಠೆಯ ಕರೆಂಟು ಬೇಕು. ನನ್ನದು ಪಾಪ, ಬೈದರೂ ಕೆಲಸ ಮಾಡುತ್ತೆ. ನಿಮ್ಮ ಹಾಗಲ್ಲ.”

ಮಾತು ನಾಟಿತು. ಅವಳು ಸಾತಾರಾಕ್ಕೆ ಅಕ್ಕನ ಮನೆಗೆ ಹೋದಾಗ ಹಳೆಯದನ್ನು ಅಂಗಡಿಗೆ ಕೊಟ್ಟು ಹೊಸದನ್ನು ತಂದಿಟ್ಟೆ. ಗಂಡ ಹೆಂಡತಿಗೆ ಉಡುಗೊರೆ ಕೊಡುವ ದೀಪಾವಳಿಯ ಪಾಡವಾ ದಿನ ಅವಳು ಮರಳಿ ಬಂದು ನನಗೆ ಆರತಿ ಎತ್ತಿದಾಗ, ಹೆಮ್ಮೆಯಿಂದ ಮೇಜಿನತ್ತ ಕೈ ತೋರಿಸಿದೆ.

“ಹಳೇದೆಲ್ಲಿ?”

“ಎಕ್ಸ್‌ಚೇಂಜ್!”

ಆರತಿ ತಟ್ಟೆ ಮೆಲ್ಲಗೆ ಕೆಳಗಿಳಿಯಿತು. “ಅದ್ರಲ್ಲಿ ಮಾಯಿಯ ಓವಿಗಳಿದ್ವು.”

ಮಾಯಿ ಎಂದರೆ ಅವಳ ತಾಯಿ. ಕೊನೆಯ ಎರಡು ವರ್ಷ ಹಾಸಿಗೆಯಲ್ಲೇ ಮಲಗಿ, ಬೀಸುವಾಗ ಹಾಡುತ್ತಿದ್ದ ಓವಿಗಳನ್ನು ಒಂದೊಂದಾಗಿ ನೆನಪಿಸಿಕೊಂಡು ಹೇಳಿದ್ದರು. ವೃಂದಾ ನೂರಾ ಹನ್ನೆರಡನ್ನು ಟೈಪ್ ಮಾಡಿಟ್ಟಿದ್ದಳು. ನಾನೋ, ಇಸ್ಪೀಟು ಆಡುತ್ತಿದ್ದಾಳೆ ಎಂದುಕೊಂಡಿದ್ದೆ. ಒಮ್ಮೆಯೂ ಕೇಳಲಿಲ್ಲ.

ಅಂಗಡಿಗೆ ಓಡಿದೆ. “ಕಾಕಾ, ಅವತ್ತೇ ಎಲ್ಲಾ ಅಳಿಸಿ, ಬಿಚ್ಚಿ ಮಾರಿಬಿಟ್ಟೆ,” ಎಂದ ಅಂಗಡಿಯವನು.

ಕಚೇರಿಯ ಇಂಜಿನಿಯರ್ ದೇವಧರ್ ಮೇಡಂ ಹತ್ತಿರ, ಮಹಾಗಣಕದಿಂದ ಆ ಓವಿಗಳನ್ನು ಹೇಗಾದರೂ ಹೊರಡಿಸಿಕೊಡಿ ಎಂದು ಗೋಗರೆದೆ. “ಸಮುದ್ರದ ಮೇಲೆ ನಾಳೆ ಎಷ್ಟು ಗಾಳಿ ಅಂತ ಇದು ಹೇಳುತ್ತೆ. ನಿಮ್ಮ ಅತ್ತೆ ಏನು ಹಾಡಿದ್ರು ಅಂತ ಇದಕ್ಕೆ ಯಾರೂ ಹೇಳಿಲ್ವಲ್ಲ,” ಎಂದರು.

ವೃಂದಾ ಎಂಟು ದಿನ ಮಾತಾಡಲಿಲ್ಲ. ಒಂಬತ್ತನೆಯ ದಿನ ಪಕ್ಕದಲ್ಲಿ ಬಂದು ಕೂತಳು. “ನೆನಪಿದ್ದಷ್ಟು ಹೇಳ್ತೀನಿ. ಟೈಪ್ ಮಾಡಿ.”

ಎರಡೇ ಬೆರಳಿನಲ್ಲಿ ಕುಟ್ಟಿದೆ. ಅರವತ್ತು ಆದವು. ಅರವತ್ತೊಂದರ ಮೊದಲ ಸಾಲು ಬಂತು: “ಬೀಸುಕಲ್ಲೇ, ಮೆಲ್ಲಗೆ ತಿರುಗೇ, ಮಗಳು ಮಲಗ್ಯಾಳೆ...” ಮುಂದಿನದು ಬರಲೇ ಇಲ್ಲ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ನೋಡಲಾಗದೆ ನಾನೇ ಒಂದು ಸಾಲು ಕುಟ್ಟಿ ಓದಿದೆ: “ಅಳಿಯನ ಗೊರಕೆಗೆ ಎದ್ದುಬಿಟ್ಟಾಳೆ.”

“ಮಾಯಿ ಇದ್ದಿದ್ರೆ ಬೀಸುಕಲ್ಲಿನ ಗೂಟ ಕಿತ್ಕೊಂಡು ಬರ್ತಿದ್ಲು!” ಎಂದವಳಿಗೆ, ಅಷ್ಟು ದಿನದ ಮೇಲೆ, ನಗು ಬಂದುಬಿಟ್ಟಿತು.

ನಾನು ನಾಚಿ ಸಾಲನ್ನು ಅಳಿಸಹೋದೆ. ಅವಳು ಕೈ ಹಿಡಿದಳು.

“ಬೇಡ. ಈ ಮನೇಲಿ ಇನ್ನು ನೀವು ಏನನ್ನೂ ಅಳಿಸಬೇಡಿ. ಕೆಳಗೆ ನಿಮ್ಮ ಹೆಸರು ಹಾಕಿ. ಓದಿದವರು ಮಾಯಿಯನ್ನ ಬೈಯಬಾರದು.”