ಎಲ್ಲ ಕಡೆಗೂ ತಲುಪಿದ ಜ್ವರ

ಸುಳ್ಳು ಹೇಳುವುದಕ್ಕೂ ಒಂದು ಶಿಸ್ತು ಬೇಕು. ಯಾರಿಗೆ ಹೇಳಬೇಕು, ಯಾರ ಕಿವಿಗೆ ಬೀಳಬಾರದು ಎಂಬ ಎಚ್ಚರ ನನಗಿದೆ. ನನ್ನ ಲ್ಯಾಪ್‌ಟಾಪಿನ ಎಐ ಸಹಾಯಕನಿಗೆ ಅದನ್ನು ಕಲಿಸಲು ಮರೆತೆ, ಅಷ್ಟೇ.

ಕ್ಯಾಲೆಂಡರಿಗೊಂದು, ಇಮೇಲಿಗೊಂದು, ಮೆಸೇಜಿಗೊಂದು ಎಂದು ಅದನ್ನು ಜೋಡಿಸುವ ಬೇರೆ ಬೇರೆ ಸರ್ವರ್‌ಗಳಿದ್ದವು, ದಿನಕ್ಕೊಂದು ಕೈಕೊಡುತ್ತಿತ್ತು. ಹೆಂಡತಿ ಊರಿಗೆ ಹೋದ ಬಿಡುವಿನಲ್ಲಿ, ಸಾನಪಾಡಾದ ಮನೆಯಲ್ಲಿ ಕೂತು ಎಲ್ಲವನ್ನೂ ಲ್ಯಾಪ್‌ಟಾಪಿನಲ್ಲೇ ಓಡುವ ಒಂದು ಪ್ರೋಗ್ರಾಮಿನ ಹಿಂದೆ ಸೇರಿಸಿ ಒಂದೇ ಕನೆಕ್ಷನ್ ಮಾಡಿದೆ. ಹೋಟೆಲಿನಲ್ಲಿ ದೋಸೆ, ಚಹಾ, ಜ್ಯೂಸಿಗೆಲ್ಲ ಒಂದೇ ಕಿಟಕಿಯಲ್ಲಿ ಆರ್ಡರ್ ಕೂಗಿದ ಹಾಗೆ. ಹೊಗಳುವವರಿಲ್ಲದೆ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಆ ಶನಿವಾರ ಸಂಜೆ ಕಾಮೋಠೆಯಲ್ಲಿ ಅಕ್ಕನ ಮನೆಯ ಸತ್ಯನಾರಾಯಣ ಪೂಜೆ. ಅದೇ ಹೊತ್ತಿಗೆ ಠಾಣೆ ಪಟ್ಟಣದ ವರ್ತಕ ನಗರದಲ್ಲಿ ನಮ್ಮ ಯಕ್ಷಗಾನ ಸಂಘದ ತಾಳಮದ್ದಳೆ. ಇಷ್ಟು ವರ್ಷ ದೂತನಾಗಿ ಎರಡು ಮಾತಾಡಿ ಸುಮ್ಮನಾಗುತ್ತಿದ್ದವನಿಗೆ ಮೊದಲ ಸಲ ರಾಜನ ಪಾತ್ರದ ಅರ್ಥ ಹೇಳಲು ಸಿಕ್ಕಿತ್ತು. ಅಕ್ಕನಿಗೆ ನಿಜ ಹೇಳಿದರೆ "ದೇವರಿಗಿಂತ ನಿನ್ನ ರಾಜ ದೊಡ್ಡವನಾ?" ಎಂದಾಳು. "ನನಗೆ ಜ್ವರ, ಬರಲಾಗುವುದಿಲ್ಲ ಎಂದು ಅಕ್ಕನಿಗೆ ತಿಳಿಸು" ಎಂದು ಬೆಳಿಗ್ಗೆ ಸಹಾಯಕನಿಗೆ ಹೇಳಿ ಸ್ನಾನಕ್ಕೆ ಹೋದೆ.

ಸಂಜೆಗೆಂದು ಇಸ್ತ್ರಿ ಮಾಡಿದ ಪಂಚೆಯನ್ನು ಆಗಲೇ ಉಟ್ಟು ಬಂದು ನೋಡಿದರೆ, ಅದು ಅಕ್ಕನಿಗೆ ತಿಳಿಸಿದ ಮೇಲೆ ಕ್ಯಾಲೆಂಡರಿನಲ್ಲಿ ಸಂಜೆಯ ತಾಳಮದ್ದಳೆಯನ್ನೂ ಕಂಡು, ಸಂಘದ ಕಾರ್ಯದರ್ಶಿಗಳಿಗೂ ನನ್ನ ಜ್ವರದ ಸುದ್ದಿ ಮುಟ್ಟಿಸಿತ್ತು. ಗಾಬರಿಯಿಂದ ಅವರಿಗೆ ಫೋನ್ ಮಾಡಿದೆ.

"ನೀವು ಮಲಗಿ ಮಾರಾಯ್ರೆ! ರಾಜನಿಗೆ ಬೇರೆ ಜನ ಸಿಕ್ಕಿ ಆಯ್ತು" ಎಂದರು. ಜ್ವರವಿಲ್ಲ ಎಂದರೆ ಅದು ಅಕ್ಕನ ಕಿವಿಗೆ ಬೀಳುತ್ತಿತ್ತು. ಅವರ ಹೆಂಡತಿ ಅಕ್ಕನ ಭಜನಾ ಮಂಡಳಿಯವರು.

ಫೋನ್ ಇಟ್ಟು ಕೂತವನು ಎದ್ದದ್ದು ಕರೆಗಂಟೆಗೆ. ಬಾಗಿಲಲ್ಲಿ ಅಕ್ಕ, ಕೈಯಲ್ಲಿ ಗಂಜಿಯ ಡಬ್ಬಿ.

"ಒಬ್ಬನೇ ಬಿದ್ದುಕೊಂಡಿದ್ದಿ ಅಂತ ಪೂಜೆಯ ಕೆಲಸ ಪಕ್ಕದ ಮನೆಯವರಿಗೆ ಬಿಟ್ಟು ಟ್ರೇನ್ ಹತ್ತಿದೆ ಮಾರಾಯ" ಎನ್ನುತ್ತಾ ಹಣೆ ಮುಟ್ಟಿದಳು. "ತಣ್ಣಗುಂಟಲ್ಲ! ಬೆವರಿ ಬಿಟ್ಟದ್ದಾ?"

ಬೆವರಿದ್ದೇನೋ ನಿಜ. ನೆಲ ಬಾಯಿಬಿಡಬಾರದೇ ಅನ್ನಿಸಿತು. ಅವಳೆದುರೇ ಗಂಜಿ ಕುಡಿದೆ.

"ಜ್ವರ ಬಿಟ್ಟಿತಲ್ಲ, ಹೊರಡು. ಪಂಚೆ ಹೇಗೂ ಉಟ್ಟಾಗಿದೆ" ಎಂದು ಕಾಮೋಠೆಗೆ ಕರೆದೊಯ್ದಳು. ಪೂಜೆಯ ಕಥೆಯಲ್ಲಿ ಸುಳ್ಳು ಹೇಳಿದವನ ಪಾಡನ್ನು ಭಟ್ಟರು ವಿವರಿಸುವಾಗ ನಾನು ಪಂಚೆಯ ಅಂಚು ನೋಡುತ್ತಿದ್ದೆ. ಊಟಕ್ಕೆ ಕೂತಾಗ ಹೋಳಿಗೆ ಬಂತು.

"ಇವನಿಗೆ ಬೇಡ, ಜ್ವರ ಬಿಟ್ಟದ್ದಷ್ಟೇ" ಎಂದು ಅಕ್ಕ ನನ್ನ ಎಲೆಗೆ ಕೈ ಅಡ್ಡ ಹಿಡಿದಳು.

ನಾಚಿಕೆಯಿಂದ ತಲೆ ತಗ್ಗಿಸಿದೆ. ಆದರೂ ಜ್ವರಕ್ಕೊಂದು ಸಾಕ್ಷಿ ಇರಲಿ ಎಂದು ಸಣ್ಣಗೆ ಕೆಮ್ಮಿದೆ.